ಒತ್ತಿದರೆ ಸರಿಯಾಗುತ್ತಿದ್ದ ಬೋರ್ಡು

ಹೋದ ತಿಂಗಳು ಶಿವಮೊಗ್ಗದ ನೆಹರೂ ರಸ್ತೆಯ ಒಂದು ಮೊಬೈಲ್ ರಿಪೇರಿ ಅಂಗಡಿಯಲ್ಲಿ ನಿಂತಿದ್ದೆ. ನನ್ನ ಫೋನಿನ ಪರದೆ ಒಮ್ಮೆ ಬರುತ್ತಿತ್ತು, ಒಮ್ಮೆ ಹೋಗುತ್ತಿತ್ತು. ಅಂಗಡಿಯವರು ಹಿಂಬದಿ ಬಿಚ್ಚಿ, ಒಳಗಿನ ಬೋರ್ಡಿನ ಮೇಲೆ ಹೆಬ್ಬೆರಳಿಟ್ಟು ಅದುಮಿದರು. ಪರದೆ ಬೆಳಗಿತು.

"ನೋಡಿ ಮೇಡಂ, ಒತ್ತಿದ್ರೆ ಬರುತ್ತೆ, ಬಿಟ್ರೆ ಹೋಗುತ್ತೆ. ಡ್ರೈ ಸೋಲ್ಡರ್ ಅಷ್ಟೆ. ಬೆಸುಗೆ ಹಾಕಿದವರು ಸರಿಯಾಗಿ ಹಾಕಿಲ್ಲ" ಎಂದು ಸೋಲ್ಡರಿಂಗ್ ಐರನ್ ಕಾಯಿಸಿದರು. ರಾಳದ ಹೊಗೆ ಎದ್ದು ಮೂಗಿಗೆ ಬಡಿಯಿತು.

"ಬೆಸುಗೆಯದ್ದೇ ತಪ್ಪು ಅಂತ ನಿಮಗೆ ಹೇಗೆ ಗೊತ್ತು?" ಎಂದು ನಾನು ಜೋರಾಗಿಯೇ ಕೇಳಿಬಿಟ್ಟೆ. ಪಕ್ಕದಲ್ಲಿದ್ದ ಗಿರಾಕಿ ತಿರುಗಿ ನೋಡಿದರು. ಅಂಗಡಿಯವರ ಮಾತು ಬಹುಶಃ ಸರಿಯೇ ಇತ್ತು. ಆದರೆ ಅದೇ ಮಾತನ್ನು, ಅದೇ ಹೊಗೆಯ ನಡುವೆ, ಎರಡು ಸಾವಿರದ ಮೂರನೇ ಇಸವಿಯಲ್ಲಿ ಮಾಚೇನಹಳ್ಳಿಯ ಒಂದು ತಗಡಿನ ಶೆಡ್ಡಿನಲ್ಲಿ ಶಿವರಾತ್ರಿಯಿಂದ ಯುಗಾದಿಯವರೆಗೂ ದಿನಾ ಕೇಳಿದ್ದೆ. ಕೇಳಿ ಬಾಯಿ ಮುಚ್ಚಿಕೊಂಡಿದ್ದೆ.

ನಾನು ಭದ್ರಾವತಿಯ ಓಲ್ಡ್ ಟೌನಿನವಳು. ಅಪ್ಪ ಅಲ್ಲಿನ ಕಬ್ಬಿಣದ ಕಾರ್ಖಾನೆಯಲ್ಲಿ ಕುಲುಮೆಯ ಹತ್ತಿರ ಕೆಲಸ ಮಾಡುತ್ತಿದ್ದರು, ಓದಿದ್ದು ನಾಲ್ಕನೇ ಕ್ಲಾಸು. ಅಮ್ಮ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಅಪ್ಪನ ಕಡೆ, ಅಮ್ಮನ ಕಡೆ ಎರಡೂ ಸೇರಿಸಿ ಡಿಗ್ರಿ ಎಂದು ಓದಿದವಳು ನಾನೊಬ್ಬಳೇ. ಅದೂ ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್, ಶಿವಮೊಗ್ಗದ ಕಾಲೇಜಿನಲ್ಲಿ, ನಾಲ್ಕು ವರ್ಷ ಬಸ್ಸಿನಲ್ಲಿ ಓಡಾಡಿ, ಒಂದೇ ಲ್ಯಾಬ್ ಕೋಟಿನಲ್ಲಿ. ಇದನ್ನು ಹೇಳಿಕೊಳ್ಳಲು ನನಗೆ ಆಗಲೂ ಸಂಕೋಚವಿರಲಿಲ್ಲ, ಈಗಲೂ ಇಲ್ಲ. ಹಲ್ಲು ಕಚ್ಚಿ ಗಳಿಸಿದ್ದನ್ನು ಯಾರೂ ಸುಲಭವಾಗಿ ಕೆಳಗಿಡುವುದಿಲ್ಲ. ಆ ವರ್ಷ ನಾನು ಕೆಟ್ಟದ್ದು ಅದರಿಂದಲೇ.

ನನಗೆ ಮೊದಲ ಕೆಲಸ ಕೊಟ್ಟವರು ಪರಮೇಶ್ವರಪ್ಪನವರು. ಹತ್ತು ವರ್ಷದಿಂದ ಮಾಚೇನಹಳ್ಳಿಯಲ್ಲಿ ಪಂಪ್‌ಸೆಟ್ಟಿನ ಸ್ಟಾರ್ಟರ್ ಪ್ಯಾನಲ್ ಮಾಡಿ, ರಿಪೇರಿ ಮಾಡಿ ಬದುಕಿದವರು. ಹತ್ತಿರದ ಒಂದು ಫೌಂಡ್ರಿಯವರು ಅವರಿಗೆ ಹೊಸ ಕೆಲಸ ಹೇಳಿದ್ದರು. ಎರಕ ಹೊಯ್ದ ಬಿಡಿಭಾಗಗಳಲ್ಲಿ ಬಿರುಕಿದೆಯೇ ಎಂದು ಕ್ಯಾಮೆರಾದಲ್ಲಿ ನೋಡಿ ಹೇಳುವ ಪೆಟ್ಟಿಗೆ. ಕ್ಯಾಮೆರಾ ಕಂಡ ಚಿತ್ರ ಒಂದು ಕ್ಷಣ ನಿಲ್ಲಲು ವೇಗದ ಮೆಮೊರಿ ಚಿಪ್ ಬೇಕು. ಆ ಚಿಪ್ಪಿಗೂ ಅದನ್ನು ನಡೆಸುವ ದೊಡ್ಡ ಚಿಪ್ಪಿಗೂ ನಡುವೆ ಹದಿನಾರು ತಾಮ್ರದ ಗೆರೆ. ಅವುಗಳ ಮೇಲೆ ಸೆಕೆಂಡಿಗೆ ಹತ್ತು ಕೋಟಿ ಸಲ ಸೊನ್ನೆ, ಒಂದು ಎಂದು ಮಾತು ಹೋಗಬೇಕು. ಯಾವ ಗೆರೆ ಎಲ್ಲಿ ಹೋಗಬೇಕೆಂದು ಆ ಬೋರ್ಡಿನ ನಕ್ಷೆ ಬರೆದವಳು ನಾನು.

ಚಿಪ್ಪಿನ ಜೊತೆ ಬಂದ ಕೈಪಿಡಿಯ ಚಿತ್ರದಲ್ಲಿ ಪ್ರತಿ ಗೆರೆಗೂ ಕರೆಂಟನ್ನು ಒಂದಿಷ್ಟು ತಡೆಯುವ ಒಂದೊಂದು ಪುಟ್ಟ ರೆಸಿಸ್ಟರ್ ಇತ್ತು. ಯಾಕೆ ಎಂದು ನನಗೆ ತಿಳಿಯಲಿಲ್ಲ. ತಂತಿ ಎಂದರೆ ತಂತಿ, ಈ ತುದಿಯಲ್ಲಿ ಒಂದು ಅಂದರೆ ಆ ತುದಿಯಲ್ಲೂ ಒಂದು. ಹಾಗೆ ಬರೆದೇ ನಾನು ಪರೀಕ್ಷೆಗಳಲ್ಲಿ ತರಗತಿಗೆ ಮೊದಲಿಗಳಾಗಿದ್ದೆ. ಹದಿನಾರನ್ನೂ ತೆಗೆದುಹಾಕಿದೆ. ಬೋರ್ಡು ಅಂಗೈಯಗಲಕ್ಕೆ ಇಳಿಯಿತು. ಪರಮೇಶ್ವರಪ್ಪನವರು ಅದನ್ನು ಬೆಳಕಿಗೆ ಹಿಡಿದು, "ಓದಿದೋರು ಮಾಡಿದ್ರೆ ಹಿಂಗಿರುತ್ತೆ ನೋಡ್ರಪ್ಪ!" ಎಂದು ಎಲ್ಲರಿಗೂ ತೋರಿಸಿದರು. ಆ ದಿನ ಬಸ್ಸಿನಲ್ಲಿ ಸೀಟು ಸಿಕ್ಕಿದರೂ ನಾನು ಕೂತಿರಲಿಲ್ಲ.

ಬೋರ್ಡಿಗೆ ಚಿಪ್ ಕೂಡಿಸುವವಳು ಸೆಲ್ವಿ. ಅವಳ ತಾತ ಕಾರ್ಖಾನೆ ಕೆಲಸಕ್ಕೆಂದು ತಮಿಳು ಸೀಮೆಯಿಂದ ಭದ್ರಾವತಿಗೆ ಬಂದವರು. ಸೆಲ್ವಿ ಎಸ್ಸೆಸ್ಸೆಲ್ಸಿಯಲ್ಲಿ ಫೇಲಾಗಿ, ಮಾವನ ರೇಡಿಯೋ ರಿಪೇರಿ ಅಂಗಡಿಯಲ್ಲಿ ಕೂತು ಕೈ ಪಳಗಿಸಿಕೊಂಡಿದ್ದಳು. ನನಗಿಂತ ಮೂರು ವರ್ಷ ದೊಡ್ಡವಳು, ಮನೆ ನಮ್ಮ ಮನೆಯಿಂದ ಎರಡು ಬೀದಿ ಆಚೆ. ದಿನಾ ಒಂದೇ ಬಸ್ಸು. ನನ್ನ ಬೋರ್ಡನ್ನು ಮೊದಲ ಸಲ ನೋಡಿದಾಗ ಹುಬ್ಬೇರಿಸಿದಳು.

"ಏನ್ ಎಂಜಿನಿಯರಮ್ಮಾ, ಇಷ್ಟು ಸಣ್ಣದು ಬರ್ದಿದೀಯ? ಇರುವೆಗೆ ಮೂಗುತಿ ಹಾಕು ಅಂದಂಗೆ ಆಯ್ತಲ್ಲ!"

"ಆಗಲ್ಲ ಅಂದ್ರೆ ಹೇಳು ಸೆಲ್ವಕ್ಕ."

"ಆಗಲ್ಲ ಅಂತ ಯಾರಂದ್ರು ಮಾರಾಯ್ತಿ? ಇರುವೇನ ಹಿಡ್ಕೊಂಡು ಬಾ, ಮೂಗುತಿ ನಾನು ಹಾಕ್ತೀನಿ."

ಹಾಕಿದಳು. ಉಸಿರು ಹಿಡಿದು, ನಾಲಿಗೆಯ ತುದಿ ಕಚ್ಚಿಕೊಂಡು, ಚಿಪ್ಪಿನ ಒಂದೊಂದು ಕಾಲಿಗೂ ಸಾಸಿವೆಯಷ್ಟು ಬೆಸುಗೆ. ಅಂಥ ಕೆಲಸವನ್ನು ನಾನು ಆಮೇಲೆಯೂ ಎಲ್ಲೂ ನೋಡಿಲ್ಲ.

ಶಿವರಾತ್ರಿಗೆ ಚಳಿ ಶಿವ ಶಿವ ಅಂತ ಹೋಗುತ್ತದೆ ಎನ್ನುತ್ತಾರೆ. ಆ ವರ್ಷ ಹೋಗಲಿಲ್ಲ. ಬೆಳಗ್ಗೆ ತಗಡಿನ ಶೆಡ್ಡು ಕೊರೆಯುತ್ತಿತ್ತು, ಮಧ್ಯಾಹ್ನ ಅದೇ ತಗಡು ಕಾವಲಿಯಾಗುತ್ತಿತ್ತು. ಪೆಟ್ಟಿಗೆಯನ್ನು ಫೌಂಡ್ರಿಯಲ್ಲಿ ಇಟ್ಟ ಮೊದಲ ಬೆಳಗ್ಗೆಯೇ ಚಿತ್ರದ ಮೇಲೆ ಬಿಳಿ ಚುಕ್ಕೆಗಳು ಎದ್ದವು. ಸರಿಯಾಗಿದ್ದ ಎರಕವನ್ನೆಲ್ಲ ಪೆಟ್ಟಿಗೆ ಬಿರುಕು ಎಂದು ಪಕ್ಕಕ್ಕೆ ತಳ್ಳತೊಡಗಿತು. ಫೌಂಡ್ರಿಯಲ್ಲಿ ಮಾಲು ಪಾಸು ಮಾಡುವ ಸಾಹೇಬರು ನಕ್ಕು, "ಏನ್ರೀ ಪರಮೇಶ್ವರಪ್ಪ, ನಿಮ್ಮ ಕ್ಯಾಮೆರಾಗೆ ಸಿಡುಬು ಬಂದಿದೆ, ಬೇವಿನ ಸೊಪ್ಪು ಕಟ್ಟಿ" ಅಂದರು. ನಗು ಮುಗಿಸಿ, ಯುಗಾದಿಯ ಮರುವಾರ ಹೊರಗಿನ ಗಿರಾಕಿಗಳು ಫೌಂಡ್ರಿ ನೋಡಲು ಬರುತ್ತಾರೆ, ಅಷ್ಟರಲ್ಲಿ ಸರಿಯಾಗದಿದ್ದರೆ ಪೆಟ್ಟಿಗೆ ವಾಪಸು ಎಂದರು. ಈ ಕೆಲಸ ನಂಬಿ ನಮ್ಮವರು ಪ್ಯಾನಲ್ ಕೆಲಸವನ್ನು ಅರ್ಧ ನಿಲ್ಲಿಸಿಬಿಟ್ಟಿದ್ದರು. ಪೆಟ್ಟಿಗೆ ವಾಪಸು ಬಂದರೆ ಶೆಡ್ಡಿನಲ್ಲಿ ಐದು ಜನಕ್ಕೆ ಕೂತು ಮಾಡುವ ಕೆಲಸವಿರಲಿಲ್ಲ.

ಶೆಡ್ಡಿಗೆ ತಂದು ಬಿಚ್ಚಿದೆವು. ಪರಮೇಶ್ವರಪ್ಪನವರು ಮೆಮೊರಿ ಚಿಪ್ಪಿನ ಮೇಲೆ ಬೆರಳಿಟ್ಟು ಒತ್ತಿದರು. ಚುಕ್ಕೆ ಮಾಯ. ಬೆರಳು ತೆಗೆದರು, ಚುಕ್ಕೆ ಬಂತು. ಮಧ್ಯಾಹ್ನ ತಗಡು ಕಾದಾಗ ಒತ್ತದೆಯೂ ಸರಿಯಾಯಿತು. ಮರುದಿನ ಬೆಳಗ್ಗೆ ಚಳಿಗೆ ಮತ್ತೆ ಸಿಡುಬು.

"ಇನ್ನೇನು ಸಾಕ್ಷಿ ಬೇಕಮ್ಮಾ?" ಅಂದರು. "ಹತ್ತು ವರ್ಷ ಪ್ಯಾನಲ್ ಬಿಚ್ಚಿದೀನಿ. ಒತ್ತಿದ್ರೆ ಬರುತ್ತೆ, ಕಾದ್ರೆ ಬರುತ್ತೆ ಅಂದ್ರೆ ಡ್ರೈ ಸೋಲ್ಡರ್. ಬೇರೆ ಏನೂ ಅಲ್ಲ. ಸೆಲ್ವೀ, ಇನ್ನೊಂದ್ಸಲ ಕಾಯ್ಸು."

ಅವರ ಮಾತಿನಲ್ಲಿ ದ್ವೇಷವಿರಲಿಲ್ಲ. ಪಂಪ್‌ಸೆಟ್ಟಿನ ಪ್ಯಾನಲ್ಲಿನಲ್ಲಿ ಅದು ನೂರಕ್ಕೆ ನೂರು ನಿಜ. ಸೆಲ್ವಿ ಇನ್ನೊಂದು ಸಲ ಕಾಯಿಸಿದಳು. ಆಮೇಲೆ ಮತ್ತೊಂದು ಸಲ. ಹೊಸ ಬೋರ್ಡು ತೆಗೆದುಕೊಂಡು ಮೊದಲಿಂದ ಕೂಡಿಸಿದಳು. ಹದಿನೈದು ದಿನದಲ್ಲಿ ಅವಳ ತೋರುಬೆರಳ ತುದಿ ಸುಟ್ಟು ಗಟ್ಟಿಯಾಯಿತು. ಪ್ರತಿ ಬೆಳಗ್ಗೆ ಚುಕ್ಕೆ ಬರುತ್ತಿತ್ತು, ಪ್ರತಿ ಬೆಳಗ್ಗೆ ಎಲ್ಲರೂ ಅವಳ ಕೈ ನೋಡುತ್ತಿದ್ದರು. ಪ್ಯಾನಲ್ಲಿಗೆ ತಂತಿ ಕಟ್ಟುವ ರಂಗಪ್ಪ, "ಸೆಲ್ವಕ್ಕ, ನಿನ್ ಕೈಗೆ ದೃಷ್ಟಿ ಆಗಿದೆ, ಮೆಣಸಿನಕಾಯಿ ನಿವಾಳಿಸ್ಕೋ" ಎಂದು ತಮಾಷೆ ಮಾಡಿದ. ಅವಳು ನಗಲಿಲ್ಲ. ಭೂತಗನ್ನಡಿಯನ್ನು ನನ್ನ ಕೈಗೆ ಕೊಟ್ಟಳು.

"ನೀನು ಓದಿದೋಳು, ನೀನೇ ನೋಡಿ ಹೇಳು. ಬೆಳ್ಳಿ ತರ ಹೊಳೀತಿದೆ. ಇದ್ರಲ್ಲಿ ಡ್ರೈ ಎಲ್ಲಿದೆ?"

ನೋಡಿದೆ. ಎಲ್ಲೂ ಇರಲಿಲ್ಲ. "ಕಣ್ಣಿಗೆ ಕಾಣದೆ ಇರೋದೂ ಇರುತ್ತೆ ಸೆಲ್ವಕ್ಕ" ಅಂದೆ. ಅದನ್ನು ನಾನು ನಂಬಿ ಹೇಳಿದೆನೋ, ನಂಬಬೇಕೆಂದು ಹೇಳಿದೆನೋ, ಈಗಲೂ ಗೊತ್ತಿಲ್ಲ. ನನ್ನ ಬೋರ್ಡಿನ ನಕ್ಷೆಯನ್ನು ಮಾತ್ರ ಯಾರೂ ಅನುಮಾನಿಸಲಿಲ್ಲ. ಅದು ಎಂಜಿನಿಯರ್ ಬರೆದದ್ದು.

ಪರಮೇಶ್ವರಪ್ಪನವರು ಕೊನೆಗೆ ಒಂದು ಬೋರ್ಡನ್ನು ಬೆಂಗಳೂರಿಗೆ ಕಳಿಸಿ ಯಂತ್ರದಲ್ಲಿ ಬೆಸುಗೆ ಹಾಕಿಸಲು ಕೊಟ್ಟರು. ಸೆಲ್ವಿಗೆ, "ಸ್ವಲ್ಪ ದಿನ ಮನೇಲಿರಮ್ಮ, ಬೇಕಾದಾಗ ಹೇಳಿ ಕಳಿಸ್ತೀನಿ" ಅಂದರು. ಹಾಗೆಂದರೆ ಏನು ಎಂದು ಎಲ್ಲರಿಗೂ ಗೊತ್ತಿತ್ತು. ಅವಳು ತನ್ನ ಚಿಮಟವನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು. ಸಂಜೆ ಬಸ್ಸಿನಲ್ಲಿ ಆ ಚೀಲವನ್ನು ಮಡಿಲಲ್ಲಿಟ್ಟುಕೊಂಡು ನನ್ನ ಪಕ್ಕದಲ್ಲೇ ಕೂತಳು.

ಯಂತ್ರದ ಬೋರ್ಡು ಬಂದದ್ದು ಒಂದು ಸೋಮವಾರ. ಪರಮೇಶ್ವರಪ್ಪನವರು ಫೌಂಡ್ರಿಗೆ ಹೋಗಿದ್ದರು. ನಾನು ಬೇಗ ಬಂದು ಒಬ್ಬಳೇ ಪೆಟ್ಟಿಗೆಗೆ ಹಾಕಿ ಸ್ವಿಚ್ ಒತ್ತಿದೆ. ಅವೇ ಚುಕ್ಕೆ, ಅದೇ ಜಾಗದಲ್ಲಿ. ಬೆರಳಿಟ್ಟೆ, ಹೋಯಿತು. ತೆಗೆದೆ, ಬಂತು.

ಯಂತ್ರಕ್ಕೂ ದೃಷ್ಟಿಯಾಗಿರಲು ಸಾಧ್ಯವಿಲ್ಲ. ಬೆಸುಗೆಯಲ್ಲಿ ತಪ್ಪಿಲ್ಲ ಎಂದರೆ ಬರೆದದ್ದರಲ್ಲಿ ತಪ್ಪಿದೆ. ಪರಮೇಶ್ವರಪ್ಪನವರು ಬಂದು "ಹೆಂಗಿದೆ ಹೊಸದು?" ಎಂದು ಕೇಳಿದರು.

"ಇನ್ನೂ ನೋಡ್ತಾ ಇದೀನಿ ಸಾರ್" ಅಂದೆ.

ಕಾರಣ ಸಿಗದೆ ಹೇಳಿ ಏನು ಉಪಯೋಗ ಎಂದು ನನಗೆ ನಾನೇ ಹೇಳಿಕೊಂಡೆ. ಮಂಗಳವಾರವೂ ಹೇಳಿಕೊಂಡೆ, ಬುಧವಾರವೂ. ನಿಜವೇನೆಂದರೆ ನಾನು ಹೆದರಿದ್ದೆ. ಅಪ್ಪ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಮಗಳು ಕ್ಯಾಮೆರಾ ಪೆಟ್ಟಿಗೆ ಮಾಡಿದ್ದಾಳೆ ಎಂದು ಹೇಳಿಕೊಂಡು ಬಂದಿದ್ದರು. ಒಂದೇ ಒಂದು ಬೋರ್ಡು ಬರೆದು ಅದೂ ತಪ್ಪು ಎಂದಾದರೆ ನಾಲ್ಕು ವರ್ಷ ಓದಿದ್ದು ಎಲ್ಲಿ ಹೋಯಿತು? ಬಸ್ಸಿನಿಂದ ಇಳಿದು ಸೆಲ್ವಿಯ ಬೀದಿ ತಪ್ಪಿಸಿ ಸುತ್ತಿಕೊಂಡು ಮನೆಗೆ ಹೋಗುತ್ತಿದ್ದೆ.

ಬುಧವಾರ ಒಂದು ವಿಷಯ ಕಣ್ಣಿಗೆ ಬಿತ್ತು. ಚುಕ್ಕೆಗಳು ಎಲ್ಲೆಂದರಲ್ಲಿ ಇರಲಿಲ್ಲ. ಕಪ್ಪು ಮುಗಿದು ಬಿಳಿ ಶುರುವಾಗುವ ಅಂಚಿನಲ್ಲಿ ಮಾತ್ರ ಇದ್ದವು. ಅಂದರೆ ಹದಿನಾರು ಗೆರೆಯೂ ಸೊನ್ನೆಯಿಂದ ಒಂದಕ್ಕೆ ಒಟ್ಟಿಗೆ ನೆಗೆಯುವ ಗಳಿಗೆಯಲ್ಲಿ. ಕರೆಂಟಿನ ಏರಿಳಿತವನ್ನು ಪರದೆಯ ಮೇಲೆ ತೋರಿಸುವ ನಮ್ಮ ಶೆಡ್ಡಿನ ಹಳೇ ಸ್ಕೋಪಿನಲ್ಲಿ ಅಷ್ಟು ವೇಗದ್ದು ಕಾಣುತ್ತಿರಲಿಲ್ಲ. ಗುರುವಾರ ರಜೆ ಹಾಕಿ ಬೋರ್ಡನ್ನು ಟವೆಲಿನಲ್ಲಿ ಸುತ್ತಿಕೊಂಡು ಶಿವಮೊಗ್ಗಕ್ಕೆ, ನನಗೆ ಪಾಠ ಹೇಳಿದ್ದ ಭಟ್ ಸರ್ ಹತ್ತಿರ ಹೋದೆ. ಕಾಲೇಜಿಗೆ ಆಗಷ್ಟೇ ಹೊಸ ಸ್ಕೋಪ್ ಬಂದಿತ್ತು.

ಮೊದಲು ಒಂದು ಗೆರೆ ನೋಡಿದೆವು. ಸೊನ್ನೆಯಿಂದ ಒಂದಕ್ಕೆ ಮೆಟ್ಟಿಲಿನಂತೆ ಏರಬೇಕಾದದ್ದು ಮೇಲೆ ಹಾರಿ, ಕೆಳಗೆ ಬಿದ್ದು, ಮತ್ತೆ ಹಾರಿ ನಾಲ್ಕೈದು ಸಲ ನಡುಗಿ ನಿಲ್ಲುತ್ತಿತ್ತು.

"ಭದ್ರಾ ನಾಲೆ ನೋಡಿದೀಯಲ್ಲ?" ಅಂದರು ಭಟ್ ಸರ್. "ತುಂಬಿ ಬರೋ ನಾಲೇಲಿ ಮುಂದಿನ ತೂಬು ಧಡಾರ್ ಅಂತ ಮುಚ್ಚಿದ್ರೆ ನೀರು ಸುಮ್ನೆ ನಿಲ್ಲುತ್ತಾ? ಬಡಿದು ಹಿಂದಕ್ಕೆ ಬರುತ್ತೆ. ಇಷ್ಟು ವೇಗಕ್ಕೆ ನಿನ್ನ ತಂತಿ ತಂತಿ ಅಲ್ಲ ಕಣೇ, ನಾಲೆ. ಅಲೆ ವಾಪಸ್ ಬರದ ಹಾಗೆ ತಡೆಯೋಕೆ ಏನಾದ್ರೂ ಇಟ್ಟಿದೀಯಾ?"

ನಾನು ತೆಗೆದುಹಾಕಿದ್ದ ಹದಿನಾರು ರೆಸಿಸ್ಟರುಗಳು ಕಣ್ಣ ಮುಂದೆ ಬಂದವು. ಅವರೇ ಇನ್ನೊಂದು ಪರೀಕ್ಷೆ ಹೇಳಿದರು. ಹದಿನೈದು ಗೆರೆಗಳನ್ನು ಒಟ್ಟಿಗೆ ಕುಣಿಸಿ, ಹದಿನಾರನೆಯದನ್ನು ಸೊನ್ನೆಯಲ್ಲೇ ಸುಮ್ಮನೆ ನಿಲ್ಲಿಸಿ, ಆ ಸುಮ್ಮನಿರುವ ಗೆರೆಯನ್ನು ನೋಡುವುದು. ನೋಡಿದೆವು. ಏನೂ ಮಾಡದ ಆ ಗೆರೆ ಪ್ರತಿ ಸಲವೂ ಉಬ್ಬಿ ಏಳುತ್ತಿತ್ತು, ಒಮ್ಮೊಮ್ಮೆ ಒಂದು ಎಂದು ಓದಿಸಿಕೊಳ್ಳುವಷ್ಟು.

ಇದು ನನಗೆ ಯಾರೂ ಹೇಳದೆ ಅರ್ಥವಾಯಿತು. ಓಲ್ಡ್ ಟೌನಿನ ನಮ್ಮ ಬೀದಿಗೆ ಒಂದೇ ಚರಂಡಿ, ಗೇಣಗಲ. ಹಬ್ಬದ ಬೆಳಗ್ಗೆ ಎಲ್ಲ ಮನೆಯವರೂ ತೊಳೆದ ನೀರನ್ನು ಒಟ್ಟಿಗೆ ಹೊಯ್ದರೆ ಚರಂಡಿ ಉಕ್ಕಿ, ಒಂದು ಚೊಂಬೂ ಹೊಯ್ಯದವರ ಅಂಗಳಕ್ಕೆ ನುಗ್ಗುತ್ತಿತ್ತು. ಬೋರ್ಡಿನಲ್ಲೂ ಹದಿನಾರು ಗೆರೆಗಳ ಕರೆಂಟು ವಾಪಸು ಹೋಗಲು ನಾನು ಬಿಟ್ಟಿದ್ದು ಒಂದು ಇಕ್ಕಟ್ಟಾದ ದಾರಿ. ಬೆರಳಿಟ್ಟಾಗ ಬೆರಳೇ ಒಂದಿಷ್ಟು ಅಲೆ ಹೀರಿಕೊಳ್ಳುತ್ತಿತ್ತು. ಬಿಸಿಯಾದಾಗ ಚಿಪ್ ನಿಧಾನವಾಗಿ ನೆಗೆಯುತ್ತಿತ್ತು, ಅಲೆ ಸಣ್ಣದಾಗುತ್ತಿತ್ತು. ಚಳಿಗೆ ಚುರುಕಾಗುತ್ತಿತ್ತು. ಡ್ರೈ ಸೋಲ್ಡರಿಗೆ ಸಾಕ್ಷಿ ಅಂದುಕೊಂಡದ್ದೆಲ್ಲ ನನ್ನ ತಪ್ಪಿಗೆ ಸಾಕ್ಷಿಯಾಗಿತ್ತು.

"ಇದನ್ನ ನಾನು ನಿಮಗೆ ಪಾಠ ಮಾಡಿದ್ನಾ?" ಎಂದು ಕೇಳಿದರು ಭಟ್ ಸರ್.

"ಇಲ್ಲ ಸರ್. ಸಿಲಬಸ್ಸಿನಲ್ಲಿ ಇರಲಿಲ್ಲ."

"ಹೌದು, ಇರಲಿಲ್ಲ. ಚಿಪ್ಪಿನ ಕೈಪಿಡಿಯಲ್ಲಿ?"

"ಇತ್ತು ಸರ್."

ಅವರು ಕಾಗದದ ಮೇಲೆ ಪರಿಹಾರ ಬರೆದುಕೊಟ್ಟರು. ಪ್ರತಿ ಗೆರೆಯನ್ನೂ ದೊಡ್ಡ ಚಿಪ್ಪಿನ ಬುಡದಲ್ಲೇ ಬ್ಲೇಡಿನಿಂದ ಕತ್ತರಿಸಿ, ಆ ಸೀಳಿನ ಮೇಲೆ ರೆಸಿಸ್ಟರ್ ಕೂರಿಸಬೇಕು. ಚಿಪ್ಪಿನ ಕಾಲಿಗೇ ಅಂಟಿಸಿ, ಒಂದಿಷ್ಟು ಕರೆಂಟು ಹತ್ತಿರದಲ್ಲೇ ಕೂಡಿಟ್ಟುಕೊಳ್ಳುವ ಪುಟ್ಟ ಕೆಪಾಸಿಟರ್. ಬೋರ್ಡಿನ ಬೆನ್ನಿಗೆ ದಪ್ಪ ತಾಮ್ರದ ಪಟ್ಟಿ, ಕರೆಂಟು ವಾಪಸು ಹೋಗಲು ಅಗಲವಾದ ದಾರಿ. ಹೊಸ ಬೋರ್ಡು ಮಾಡಿಸಲು ಸಮಯವಿರಲಿಲ್ಲ. ಯುಗಾದಿಗೆ ಹತ್ತು ದಿನ ಉಳಿದಿತ್ತು.

ಶುಕ್ರವಾರ ಶೆಡ್ಡಿನಲ್ಲಿ ಒಂದು ಹಳೇ ಬೋರ್ಡಿನ ಮೇಲೆ ನಾನೇ ಮಾಡಲು ಹೋದೆ. ಮೊದಲ ಗೆರೆ ಕತ್ತರಿಸುವಾಗ ಪಕ್ಕದ ಎರಡೂ ಹೋದವು. ಸಂಜೆಯ ಹೊತ್ತಿಗೆ ಬೋರ್ಡು ಹಾಳಾಗಿ, ನಾನು ಮೇಜಿಗೆ ತಲೆಯಾನಿಸಿ ಕೂತೆ. ಆ ಕೆಲಸ ಮಾಡಬಲ್ಲ ಕೈ ನನಗೆ ಗೊತ್ತಿದ್ದದ್ದು ಒಂದೇ.

ಶನಿವಾರ ಬೆಳಗ್ಗೆ ಸೆಲ್ವಿಯ ಮನೆಗೆ ಹೋದೆ. ಬಾಗಿಲಲ್ಲಿ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ನನ್ನನ್ನು ನೋಡಿ ಮೊರ ಕೆಳಗಿಟ್ಟಳು.

"ಬಾ ಎಂಜಿನಿಯರಮ್ಮಾ. ದಾರಿ ತಪ್ಪಿ ಬಂದ್ಯಾ? ಈ ಬೀದೀಲಿ ಓಡಾಡೋದೇ ಬಿಟ್ಟಿದ್ದೆ."

ನಿಂತೇ ಎಲ್ಲ ಹೇಳಿದೆ. ತಪ್ಪು ನನ್ನ ಬರಹದ್ದು, ಯಂತ್ರದ ಬೋರ್ಡಿನಲ್ಲೂ ಚುಕ್ಕೆ ಬಂತು, ನಿನ್ನ ಬೆಸುಗೆ ಸರಿಯಾಗಿಯೇ ಇತ್ತು ಎಂದೆ. ಅವಳು ಪೂರ್ತಿ ಕೇಳಿದಳು. ಆಮೇಲೆ ಒಂದೇ ಪ್ರಶ್ನೆ ಕೇಳಿದಳು.

"ಯಂತ್ರದ್ದು ಯಾವತ್ತು ಬಂತು?"

"ಸೋಮವಾರ."

"ಇವತ್ತು ಶನಿವಾರ." ಬೆರಳು ಮಡಿಸಿ ಎಣಿಸಲಿಲ್ಲ, ಸುಮ್ಮನೆ ಹೇಳಿದಳು. "ನಮ್ಮ ಮಾವ ಅಂಗಡಿಗೆ ಬರಬೇಡ ಅಂದ್ರು, ಗೊತ್ತಾ? ಕಂಪನಿಯಿಂದ ಓಡಿಸಿದ ಕೈ, ಗಿರಾಕಿಗಳು ಕೇಳ್ತಾರೆ ಅಂತ. ಬುಧವಾರ ಅಂದಿದ್ದು. ನೀನು ಸೋಮವಾರ ಬಾಯಿ ಬಿಟ್ಟಿದ್ರೆ ಬುಧವಾರ ನಾನು ಅಲ್ಲಿ ನಿಂತು ಆ ಮಾತು ಕೇಳ್ತಿರ್ಲಿಲ್ಲ."

ನನಗೆ ಅಳು ಬಂತು. "ಅಳಬೇಡ" ಅಂದಳು, ಸಮಾಧಾನದ ದನಿಯಲ್ಲಲ್ಲ. "ನೀನು ಅತ್ರೆ ನಾನು ಸಮಾಧಾನ ಮಾಡ್ಬೇಕಾಗುತ್ತೆ. ಅದೊಂದು ನನ್ನ ಕೈಲಿ ಆಗಲ್ಲ. ಏನು ಬೇಕು ಹೇಳು."

ಭಟ್ ಸರ್ ಕೊಟ್ಟ ಕಾಗದ ತೋರಿಸಿದೆ. ಅವಳು ಅದನ್ನು ಬಹಳ ಹೊತ್ತು ನೋಡಿದಳು. ಕತ್ತರಿಸಿ, ಕೂರಿಸಿ, ಹದಿನಾರು ಸಲ. ಕೆಲಸ ನೋಡಿದಾಗ ಅವಳ ಮುಖ ಬೇರೆಯಾಗುತ್ತಿತ್ತು.

"ಬರ್ತೀನಿ. ಶೆಡ್ಡು ನಡೀಲಿ ಅಂತ ಬರ್ತೀನಿ, ನಿನಗೋಸ್ಕರ ಅಲ್ಲ."

ಸೋಮವಾರ ಅವಳನ್ನು ಶೆಡ್ಡಿನ ಬಾಗಿಲಲ್ಲಿ ನೋಡಿ ಪರಮೇಶ್ವರಪ್ಪನವರಿಗೆ ಆಶ್ಚರ್ಯವಾಯಿತು. ನಾನು ಅವರ ಮುಂದೆ ನಿಂತು, ಹೊಸದರಲ್ಲೂ ಚುಕ್ಕೆ ಬಂದಿದೆ, ಸರಿಮಾಡುವ ದಾರಿ ಸಿಕ್ಕಿದೆ ಎಂದು ಶುರುಮಾಡಿದೆ. ಅವರು ಪೂರ್ತಿ ಕೇಳದೆ, "ಆಯ್ತು ಆಯ್ತು, ಮೊದಲು ಬೋರ್ಡ್ ಆಗ್ಲಿ. ಸೆಲ್ವೀ, ಐರನ್ ಹಾಕು" ಅಂದರು.

"ಇಲ್ಲ ಸಾರ್" ಅಂದಳು ಸೆಲ್ವಿ. "ಮೊದಲು ಅವಳ ಮಾತು ಮುಗೀಲಿ."

ರಂಗಪ್ಪ ತಂತಿ ಕಟ್ಟುವುದನ್ನು ನಿಲ್ಲಿಸಿದ. ನಾನು ಹೇಳಿದೆ. ಕೈಪಿಡಿಯಲ್ಲಿದ್ದ ಹದಿನಾರು ರೆಸಿಸ್ಟರುಗಳನ್ನು ತೆಗೆದದ್ದು ನಾನು, ಹೋದ ಸೋಮವಾರವೇ ಗೊತ್ತಾಗಿ ಮುಚ್ಚಿಟ್ಟದ್ದೂ ನಾನು. ಪರಮೇಶ್ವರಪ್ಪನವರು ಕನ್ನಡಕ ತೆಗೆದು ಅಂಗಿಯಲ್ಲಿ ಒರೆಸಿದರು, ಮತ್ತೆ ಹಾಕಿಕೊಂಡರು. "ನಾನೂ ಒತ್ತಿ ನೋಡಿ ಹೇಳಿದ್ದೆ" ಎಂದಷ್ಟೇ ಹೇಳಿ ಹೊರಗೆ ಹೋಗಿ ಬೀಡಿ ಹಚ್ಚಿದರು.

ಸೆಲ್ವಿ ಕಿಟಕಿಯ ಪಕ್ಕ ಮೇಜು ಎಳೆದುಕೊಂಡಳು. ಎರಡು ದಿನ ಹಿಡಿಯಿತು. ಒಂಬತ್ತನೇ ಗೆರೆಯಲ್ಲಿ ತಾಮ್ರ ಎದ್ದು ಬಂತು. ಅವಳು ತನ್ನ ತಲೆಕೂದಲಿಗಿಂತ ಸಣ್ಣ ತಂತಿಯೊಂದನ್ನು ಹಳೇ ಇಯರ್‌ಫೋನಿನಿಂದ ಬಿಡಿಸಿ ಸೇತುವೆ ಕಟ್ಟಿದಳು. ನಾನು ಪಕ್ಕದಲ್ಲಿ ನಿಂತು ಭೂತಗನ್ನಡಿ ಹಿಡಿದಿದ್ದೆ. ನಡುನಡುವೆ "ಸ್ವಲ್ಪ ಎಡಕ್ಕೆ", "ನಡುಗಿಸ್ಬೇಡ" ಎನ್ನುತ್ತಿದ್ದಳು. ಬುಧವಾರ ಬೆಳಗ್ಗೆ ಚಳಿ ಇರುವಾಗಲೇ ಸ್ವಿಚ್ ಹಾಕಿದೆವು. ಪರಮೇಶ್ವರಪ್ಪನವರ ಕೈ ಅಭ್ಯಾಸದಂತೆ ಚಿಪ್ಪಿನ ಕಡೆ ಹೋಯಿತು. "ಮುಟ್ಟಬೇಡಿ ಸಾರ್" ಅಂದಳು ಸೆಲ್ವಿ. ಯಾರೂ ಮುಟ್ಟಲಿಲ್ಲ. ಚಿತ್ರ ಬಂತು. ಒಂದು ಚುಕ್ಕೆಯೂ ಇರಲಿಲ್ಲ.

ಪೆಟ್ಟಿಗೆ ಫೌಂಡ್ರಿಗೆ ಹೋಯಿತು, ಅಲ್ಲೇ ಉಳಿಯಿತು. ಯುಗಾದಿ ಮುಗಿದ ಮರುದಿನ ಪರಮೇಶ್ವರಪ್ಪನವರು ಸೆಲ್ವಿಯನ್ನು ಕರೆಸಿ, "ಸೋಮವಾರದಿಂದ ಬಂದುಬಿಡಮ್ಮ" ಅಂದರು. ಅವಳು ತಲೆಯಾಡಿಸಿದಳು, ಬರುವುದಿಲ್ಲ ಎಂದು.

"ನನಗೊಂದು ಕಾಗದ ಬೇಕು ಸಾರ್. ನನ್ನ ಬೆಸುಗೇಲಿ ತಪ್ಪಿರ್ಲಿಲ್ಲ ಅಂತ."

"ಅದಕ್ಕೇನು, ಲೆಟರ್‌ಹೆಡ್ಡಲ್ಲೇ ಕೊಡ್ತೀನಿ ತಗೋ."

"ನೀವಲ್ಲ ಸಾರ್. ಇವಳು ಬರೀಲಿ."

ಬರೆದೆ. ಎರಡು ಹಾಳೆ ಹರಿದು ಮೂರನೆಯದರಲ್ಲಿ ಸರಿಬಂತು. ಬೋರ್ಡಿನ ದೋಷ ಬೆಸುಗೆಯದ್ದಾಗಿರಲಿಲ್ಲ, ವಿನ್ಯಾಸದ್ದಾಗಿತ್ತು, ವಿನ್ಯಾಸ ಮಾಡಿದವಳು ನಾನು, ಅದನ್ನು ಸರಿಪಡಿಸಿದ್ದು ಸೆಲ್ವಿಯವರ ಕೈ. ಕೆಳಗೆ ಹೆಸರು ಬರೆದು ರುಜು ಹಾಕಿ ಕೊಟ್ಟೆ. ಸೆಲ್ವಿ ಒಂದೊಂದು ಸಾಲಿನ ಕೆಳಗೂ ಆ ಸುಟ್ಟ ಬೆರಳು ಎಳೆಯುತ್ತಾ ಓದಿದಳು. ಓದಿ ಮುಗಿಸಿ ಹಾಳೆಯನ್ನು ಮತ್ತೆ ನನ್ನ ಮುಂದಿಟ್ಟಳು.

"ಹೆಸರಿನ ಮುಂದೆ ಬಿ.ಇ. ಅಂತ ಹಾಕು. ಇಲ್ಲಾಂದ್ರೆ ಮಾವ ನಂಬಲ್ಲ."

ಹಾಕಿದೆ. ಅವಳು ಶಾಯಿ ಆರುವವರೆಗೂ ನಿಂತಿದ್ದಳು.